ಹೆಸರಿಳಿಯುವ ರಾತ್ರಿ

ಜೂನ್‌ನಲ್ಲಿ ಮರದಡಿ ಹಾಸಿದ್ದ ದುಪ್ಪಟಿಗಳು
ಎಷ್ಟು ಒಗೆದರೂ ಇನ್ನೂ ಅಂಟಂಟು.
ಕೊಂಬೆ ಕುಲುಕಿದ ಹುಡುಗರು ಶಾಲೆಗೆ ಮರಳಿದ್ದಾರೆ.
ಬಿಳಿ ಹಿಪ್ಪುನೇರಳೆ ಮಾತ್ರ ಪೀಪಾಯಿಯೊಳಗೆ
ತನ್ನಷ್ಟಕ್ಕೆ ಗೊಣಗಿ, ನೊರೆ ಕಾರಿ,
ಈಗ ಸುಮ್ಮನಾಗಿದೆ.
ಸುಮ್ಮನಾದರೆ ಹದ ಬಂತು ಎನ್ನುತ್ತಾಳೆ ಅತ್ತೆ ಸಿರ್ವಾರ್ದ್,
ಹಣ್ಣಿಗೂ ಅಷ್ಟೆ, ಗಂಡಸಿಗೂ ಅಷ್ಟೆ.

ಮೆಘ್ರಿಯ ಇಳಿಜಾರು. ಕೆಳಗೆ ಅರಾಕ್ಸ್ ನದಿ,
ನದಿಯಾಚೆ ಇರಾನಿನ ದೀಪಗಳು.
ಹಿತ್ತಿಲಲ್ಲಿ ತಾಮ್ರದ ಹಂಡೆ.
ಹಂಡೆ ಈ ಮನೆಯದು, ಮುಚ್ಚಳ ಬೇರೆ ಊರಿನದು.
ಅದರ ಕಥೆ ಆಮೇಲೆ.
ಸಂದಿಗೆ ಕಣಕ ಮೆತ್ತಿ
ಒಣಗಿದ ದ್ರಾಕ್ಷಿಬಳ್ಳಿಗೆ ಬೆಂಕಿ ಹಚ್ಚಿದೆವು.

ಬಟ್ಟಿ ಇಳಿಯುವ ತನಕ ಬಾಯಿಗೇನು ಕೆಲಸ?
ಇದಕ್ಕೆ ಆ ಹೆಸರು ಹೇಗೆ ಬಂತು ಎಂದಳು ನನ್ನ ಮಗಳು.

ಯಾವ ಹೆಸರು? ನಾನು ಕರೆಯುವುದು ಅರಘ್, ಎಂದಳು ಅತ್ತೆ.
ಅರಬ್ಬರ ಮಾತು, ಬೆವರು ಅಂತ ಅರ್ಥ.
ನೋಡು ನಳಿಗೆಯ ತುದಿ, ಬೆವರುತ್ತಿಲ್ಲವೆ?
ಓಘಿ ಅನ್ನುವುದು ಅಂಗಡಿಯ ಚೀಟಿ.

ಪಕ್ಕದ ಮನೆಯ ಟೀಚರು ಪರಂಜೆಮ್ ಬಿಡುವವಳಲ್ಲ:
ಓಘಿ ಅಂದರೆ ಹೊಗಿ ಕಣೇ, ಹೊಗಿ ಅಂದರೆ ಜೀವ!
ಹಣ್ಣಿನ ಜೀವ ಮೇಲೇರಿ, ತಣಿದು, ನಮಗಾಗಿ ಇಳಿಯುತ್ತದೆ.
ಹೇಳುತ್ತಾ ಹೇಳುತ್ತಾ ಹೊಗೆ ಕಣ್ಣಿಗೆ ಹೋಗಿ
ಅವಳ ಮಾತಿಗೆ ಅವಳೇ ಅತ್ತಂತಾಯಿತು.

ಪಾದ್ರಿ ತೇರ್ ಹೂಸಿಕ್ ನಕ್ಕ.
ಪ್ರಾಸ ಚೆನ್ನಾಗಿದೆ ತಂಗಿ, ನೆಂಟಸ್ತನ ಇಲ್ಲ.
ಈ ಶಬ್ದ ನಮ್ಮ ಹಳೆಯ ಬೈಬಲ್ಲಿನಲ್ಲೇ ಇದೆ.
ಮುದುಕ ಜಕರೀಯನಿಗೆ ದೇವದೂತ ಹೇಳುತ್ತಾನೆ,
ನಿನಗೊಬ್ಬ ಮಗ ಹುಟ್ಟುವನು,
ದ್ರಾಕ್ಷಾರಸವನ್ನಾಗಲಿ ಓಘಿಯನ್ನಾಗಲಿ ಆತ ಕುಡಿಯನು.
ಕುಡಿಯಬೇಡ ಎಂಬಲ್ಲೇ ಸಿಕ್ಕ ಹೆಸರು!
ಆಗ ಈ ಹಂಡೆಯಿಲ್ಲ, ನಳಿಗೆಯಿಲ್ಲ,
ಏನೋ ಹುಳಿ ಬಂದ ಪಾನೀಯ ಇದ್ದೀತು.
ಹೆಸರು ಕಾದು ಕೂತಿತ್ತು, ಹನಿ ತಡವಾಗಿ ಬಂತು.
ಬರೆಯಲು 'ಓ' ಅಕ್ಷರವೂ ಆಗ ಇರಲಿಲ್ಲ,
ಎರಡು ಅಕ್ಷರ ಜೋಡಿಸಿ ಹೇಗೋ ನಿಭಾಯಿಸುತ್ತಿದ್ದರು.
ಈ ದುಂಡನೆಯ ಓ ಎಷ್ಟೋ ನೂರು ವರ್ಷದ ಮೇಲೆ ಸೇರಿಕೊಂಡದ್ದು.

ಅದಕ್ಕೂ ಮೊದಲು? ಎಂದಳು ಮಗಳು.
ಪಾದ್ರಿ ಗಡ್ಡ ಕೆರೆದುಕೊಂಡ.
ಅದಕ್ಕೂ ಮೊದಲು, ಬಲ್ಲವರ ಜಗಳ.

ಅಷ್ಟರಲ್ಲಿ ಮೊದಲ ಹನಿ.
ಮೊದಲಿನದು ಕುಡಿಯುವುದಕ್ಕಲ್ಲ, ಮಂಡಿಗೆ ತಿಕ್ಕಲು.
ಅತ್ತೆ ಒಂದು ಚಮಚ ಬೆಂಕಿಗೆ ಎರಚಿದಳು,
ನೀಲಿಯಾಗಿ ಎದ್ದು ಮಲಗಿತು.

ಬೆನಿಕ್ ಇಷ್ಟು ಹೊತ್ತೂ ಮಾತಾಡಿರಲಿಲ್ಲ.
ಮಾರ್ತುನಿ ಕಡೆಯವನು. ಕರಾಬಾಖ್ ಬಿಟ್ಟು ಎಲ್ಲರೂ ಹೊರಟ ಆ ವಾರ
ಕಂಬಳಿ ತಗೋ ಎಂದಳಂತೆ ಹೆಂಡತಿ,
ಇವನು ಮುಚ್ಚಳ ತಂದ.
ಹಂಡೆ ಕಾರಿನಲ್ಲಿ ಹಿಡಿಸಲಿಲ್ಲ.
ಎರಡು ರಾತ್ರಿ ತೆವಳಿದ ದಾರಿಯುದ್ದಕ್ಕೂ ಚಳಿಗೆ ನಡುಗುತ್ತ
ಅವಳು ಬೈದ ಬೈಗುಳ ಈಗಲೂ ಬಾಯಿಪಾಠ ಅವನಿಗೆ.
ನಮ್ಮ ಹಂಡೆಗೆ ಆ ಮುಚ್ಚಳ ಸರಿಯಾಗಿ ಕೂರುವುದಿಲ್ಲ,
ಒಂದು ಬೆರಳಷ್ಟು ಸಂದಿ.
ಅದಕ್ಕೇ ಕಣಕ ದುಪ್ಪಟ್ಟು.

ಅತ್ತೆ ನಡುವಿನ ಹನಿ ಹಿಡಿದು ಮೊದಲ ಲೋಟ ಅವನಿಗೆ ಕೊಟ್ಟಳು.
ನೆಲಕ್ಕೆ ಸ್ವಲ್ಪ ಸುರಿದ. ಉಳಿದದ್ದು ಒಂದೇ ಗುಟುಕು.
ನಿಮ್ಮಲ್ಲಿ ಏನೆನ್ನುತ್ತಿದ್ದಿರಿ? ಕೇಳಿದಳು ಪರಂಜೆಮ್,
ಪೆನ್ಸಿಲ್ ಹಿಡಿದವಳ ದನಿಯಲ್ಲಿ.

ನಮ್ಮಲ್ಲಿ ಹೆಸರು ಯಾರು ಕೇಳುತ್ತಿದ್ದರು, ಎಂದ ಬೆನಿಕ್.
ಬಾಯಿಗಿಟ್ಟವರು ಕೇಳುತ್ತಿದ್ದದ್ದು, ಯಾವ ಮರ?
ಬಾವಿಯ ಪಕ್ಕದ್ದೊ? ಗೋಡೆಯಾಚೆಯದೊ?

ಯಾರೂ ಕೇಳಲಿಲ್ಲ, ಯಾವ ಮರ ಅಂತ.
ನಳಿಗೆ ತೊಟ್ಟಿಕ್ಕುತ್ತಿತ್ತು.
ನನ್ನ ಮಗಳು ಮುಚ್ಚಳದ ಅಂಚಿನಲ್ಲಿ ಬೆಂದ ಕಣಕವನ್ನು
ಉಗುರಿನಿಂದ ಎಬ್ಬಿಸಿ
ಬಿಸಿ ಆರುವ ಮೊದಲೇ ತಿನ್ನುತ್ತಿದ್ದಳು.